ವಿಯೆನ್ನಾದಲ್ಲಿ ಒಂದೇ ಮ್ಯೂಸಿಯಂಗೆ ಮೂರು ಸಲ ಹೋದೆವು

ನನ್ನ ಅಕ್ಕನಿಗೆ ಮಂಡಿ ನೋವು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ನಾವು ಕಳೆದ ಆರು ದಿನಗಳೂ ಆ ಮಂಡಿ ಎಷ್ಟು ಬಿಡುತ್ತದೋ ಅಷ್ಟೇ. ಹೊರಡುವ ಮುಂಚೆ ನಾನೊಂದು ಪಟ್ಟಿ ಮಾಡಿದ್ದೆ. ಹದಿನಾಲ್ಕು ಮ್ಯೂಸಿಯಂ, ಎರಡು ಅರಮನೆ, ಒಂದು ಸಂಗೀತ ಕಛೇರಿ. ಅಕ್ಕ ಪಟ್ಟಿ ನೋಡಿ, "ಇಷ್ಟು ನೋಡಿದ್ರೆ ಏನು ನೋಡಿದ್ವಿ ಅಂತ ನೆನಪಿರುತ್ತೇನೇ?" ಎಂದಳು. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಪಟ್ಟಿ ಬ್ಯಾಗಿನಲ್ಲೇ ಉಳಿಯಿತು.

ನಾವು ನಿಜವಾಗಿ ನೋಡಿದ್ದು ಐದಾರು ಜಾಗ. ಅದರಲ್ಲಿ ಒಂದಕ್ಕೆ ಮೂರು ಸಲ ಹೋದೆವು. ಅದು ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂ. ಹೆಸರು ನಾಲಿಗೆಗೆ ಕೂರಲು ನಮಗೆ ಎರಡು ದಿನ ಬೇಕಾಯಿತು. ಕಲಾ ಇತಿಹಾಸದ ಮ್ಯೂಸಿಯಂ ಅಂತ ಅರ್ಥ. ಇಲ್ಲಿ ಬರೆಯುವುದರಲ್ಲಿ ಜಾಸ್ತಿ ಪಾಲು ಅದರ ಬಗ್ಗೆಯೇ.

ಯು3 ಮೆಟ್ರೋದಲ್ಲಿ ಫೋಕ್ಸ್‌ಥಿಯೇಟರ್ ಸ್ಟೇಷನ್‌ನಲ್ಲಿ ಇಳಿದರೆ ಎರಡು ನಿಮಿಷದ ನಡಿಗೆ. ಮಾರಿಯಾ ತೆರೇಸಾ ರಾಣಿಯ ದೊಡ್ಡ ಪ್ರತಿಮೆ ಇರುವ ಚೌಕ. ಅದರ ಆಚೀಚೆ ಎದುರುಬದುರಾಗಿ ಎರಡು ಕಟ್ಟಡ, ಅವಳಿ ಮಕ್ಕಳ ಹಾಗೆ. ಒಂದು ನಿಸರ್ಗ ವಿಜ್ಞಾನದ ಮ್ಯೂಸಿಯಂ, 1889ರಲ್ಲಿ ತೆರೆದದ್ದು. ಇನ್ನೊಂದು ನಮ್ಮದು, 1891ರದು. ಮೊದಲ ದಿನ ನಾವು ತಪ್ಪು ಕಟ್ಟಡದ ಬಾಗಿಲಿಗೇ ಹೋಗಿ ನಿಂತಿದ್ದೆವು. ನೀವು ಹೋದರೆ ಬಾಗಿಲ ಮೇಲಿನ ಬೋರ್ಡ್ ನೋಡಿಕೊಳ್ಳಿ, ಗುಮ್ಮಟ ನೋಡಿ ಗುರುತು ಹಿಡಿಯಲು ಆಗುವುದಿಲ್ಲ.

ದುಡ್ಡಿನ ವಿಷಯ ಇಲ್ಲೇ ಮುಗಿಸುತ್ತೇನೆ. ಒಂದು ಟಿಕೆಟ್‌ಗೆ 20 ಯೂರೋ ದಾಟುತ್ತದೆ. 19 ವರ್ಷದ ಒಳಗಿನವರಿಗೆ ಪೂರ್ತಿ ಉಚಿತ, ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಹಿಂದೆಮುಂದೆ ನೋಡಬೇಕಾಗಿಲ್ಲ. ನಾವು ಕೌಂಟರ್‌ನಲ್ಲಿ ಕೇಳಿ ವರ್ಷದ ಪಾಸ್ ತೆಗೆದುಕೊಂಡೆವು. ಎರಡು-ಮೂರು ಟಿಕೆಟ್ ಬೆಲೆಗೆ ಅದು ಬರುತ್ತದೆ. ಆರು ದಿನಕ್ಕೆ ವರ್ಷದ ಪಾಸಾ ಅಂತ ಅನ್ನಿಸಬಹುದು. ಆದರೆ ಅದೇ ಪಾಸ್‌ನಲ್ಲಿ ಹೋಫ್‌ಬುರ್ಗ್ ಅರಮನೆಯ ರಾಜಖಜಾನೆಯನ್ನೂ ನೋಡಬಹುದು. ಅದಕ್ಕಿಂತ ಮುಖ್ಯ ಇನ್ನೊಂದು. ಟಿಕೆಟ್ ಕೊಂಡವರಿಗೆ ಕೊಟ್ಟ ದುಡ್ಡಿಗೆ ಎಲ್ಲಾ ನೋಡಿಬಿಡಬೇಕು ಅನ್ನುವ ಆತುರ ಇರುತ್ತದೆ. ಪಾಸ್ ಇದ್ದರೆ ಆ ಆತುರ ಹೋಗುತ್ತದೆ. ಮಂಡಿ ನೋವು ಬಂತಾ, ಎದ್ದು ಹೊರಗೆ ಬಂದೆವು. ನಾಳೆ ಮತ್ತೆ ಬಂದರಾಯಿತು.

ಒಳಗೆ ಹೋದ ಕೂಡಲೇ ದೊಡ್ಡ ಮೆಟ್ಟಿಲು. ಮಂಡಿ ನೋವಿನವರು ಹೆದರಬೇಡಿ, ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ. ಆದರೆ ಅಕ್ಕ ಮೊದಲ ದಿನ ಮೆಟ್ಟಿಲೇ ಹತ್ತುತ್ತೇನೆ ಎಂದಳು. ಒಳ್ಳೆಯದೇ ಆಯಿತು. ಮೆಟ್ಟಿಲ ನಡುವೆ ಕನೋವಾನ ಅಮೃತಶಿಲೆಯ ಶಿಲ್ಪ ಇದೆ. ಗ್ರೀಕ್ ಪುರಾಣದ ವೀರ ಥೀಸಿಯಸ್ ಅರ್ಧ ಮನುಷ್ಯ ಅರ್ಧ ಕುದುರೆಯಾದ ಪ್ರಾಣಿಯ ಕತ್ತು ಹಿಡಿದು ಹೊಡೆಯಲು ಕೈ ಎತ್ತಿದ್ದಾನೆ. ಅಲ್ಲಿ ನಿಂತು ತಲೆ ಎತ್ತಿದರೆ ಕಂಬಗಳ ನಡುವಿನ ಸಂದುಗಳಲ್ಲಿ ಚಿತ್ರಗಳು. ಅವುಗಳಲ್ಲಿ ಕೆಲವನ್ನು ಬರೆದದ್ದು ಗುಸ್ತಾವ್ ಕ್ಲಿಮ್ಟ್, ಇನ್ನೂ ಇಷ್ಟೊಂದು ಹೆಸರು ಮಾಡಿರದ ಕಾಲದಲ್ಲಿ. ಕಂಬದ ತುದಿಯ ಎತ್ತರದಲ್ಲಿ ಇರುವುದರಿಂದ ಜನ ನೋಡದೆ ಮೇಲೆ ಹೋಗಿಬಿಡುತ್ತಾರೆ. ಒಂದು ಸಣ್ಣ ದುರ್ಬೀನು ಇಟ್ಟುಕೊಂಡಿದ್ದರೆ ಅಲ್ಲಿ ಕೆಲಸಕ್ಕೆ ಬರುತ್ತದೆ.

ಚಿತ್ರಗಳ ಗ್ಯಾಲರಿ ಮೇಲಿನ ಮಹಡಿಯಲ್ಲಿ. ಈ ಮ್ಯೂಸಿಯಂನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಂದರೆ ಕೋಣೆಗಳ ನಡುವಿನ ಸೋಫಾಗಳು. ಬೆನ್ನು ಒರಗಿಸುವ ಹಾಗಿರುವ ದೊಡ್ಡ ಮೆತ್ತನೆ ಸೋಫಾಗಳು. ಬೇರೆ ಊರುಗಳ ಮ್ಯೂಸಿಯಂಗಳಲ್ಲಿ ಒಂದು ಮರದ ಹಲಗೆ ಇರುತ್ತದೆ, ಅದರ ಮೇಲೂ ಹತ್ತು ಜನ ಇರುತ್ತಾರೆ. ಇಲ್ಲಿ ಕೂತರೆ ಯಾರೂ ಎಬ್ಬಿಸುವುದಿಲ್ಲ. ಚಿತ್ರದ ಎದುರು ಅರ್ಧ ಗಂಟೆ ಕೂರಬಹುದು. ಕೂತರೆ ತಾನೇ ಚಿತ್ರ ಕಾಣುವುದು, ಅಲ್ವಾ?

ನಾವು ಕೂತದ್ದು ಹತ್ತನೇ ಹಾಲ್‌ನಲ್ಲಿ, ಬ್ರೂಗೆಲ್‌ನ ಕೋಣೆಯಲ್ಲಿ. ಪೀಟರ್ ಬ್ರೂಗೆಲ್ 1569ರಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡ ಚಿತ್ರಕಾರ. ಅವನು ಮರದ ಹಲಗೆಯ ಮೇಲೆ ಬರೆದ ಚಿತ್ರಗಳು ಜಗತ್ತಿನಲ್ಲಿ ಉಳಿದಿರುವುದೇ ನಲವತ್ತರ ಆಸುಪಾಸು. ಅದರಲ್ಲಿ ಹನ್ನೆರಡು ಈ ಮ್ಯೂಸಿಯಂನಲ್ಲಿವೆ. ಹ್ಯಾಬ್ಸ್‌ಬರ್ಗ್ ರಾಜಮನೆತನದವರು ಕೊಂಡು ಕೂಡಿಸಿಟ್ಟದ್ದು. ಜಗತ್ತಿನಲ್ಲಿ ಬೇರೆಲ್ಲೂ ಅವನ ಇಷ್ಟು ಚಿತ್ರ ಒಟ್ಟಿಗೆ ಸಿಗುವುದಿಲ್ಲ.

ಅಕ್ಕ ಹೋಗಿ ನಿಂತದ್ದು 'ಮಕ್ಕಳ ಆಟಗಳು' ಚಿತ್ರದ ಮುಂದೆ. 1560ರದು. ಒಂದು ಊರಿನ ಬಯಲು, ಅದರ ತುಂಬಾ ಮಕ್ಕಳು, ಇನ್ನೂರಕ್ಕೂ ಜಾಸ್ತಿ. ಒಬ್ಬೊಬ್ಬರೂ ಒಂದೊಂದು ಆಟ. ಅಕ್ಕ ಕನ್ನಡಕ ಮೇಲೆ ಕೆಳಗೆ ಮಾಡುತ್ತಾ ಎಣಿಸತೊಡಗಿದಳು. "ಇಲ್ಲಿ ನೋಡೇ, ಕಲ್ಲಾಟ." ಎಡಗಡೆ ಕೆಳಗಿನ ಮೂಲೆಯಲ್ಲಿ ಇಬ್ಬರು ಕೂತು ಆಡುತ್ತಿದ್ದಾರೆ. ಅವರು ಆಡುತ್ತಿರುವುದು ಕಲ್ಲಿನಲ್ಲಲ್ಲ, ಕುರಿಯ ಸಣ್ಣ ಮೂಳೆಯಲ್ಲಿ, ಆದರೆ ಆಟ ಅದೇ. ಮುಂದೆ ಇಬ್ಬರು ಹುಡುಗರು ಕೋಲು ಹಿಡಿದು ಗಾಲಿ ಓಡಿಸುತ್ತಿದ್ದಾರೆ. ಕಮಾನಿನ ಕೆಳಗೆ ಬುಗುರಿ. ಒಬ್ಬಳ ಮುಖಕ್ಕೆ ಬಟ್ಟೆ ಮುಚ್ಚಿದೆ, ಉಳಿದವರು ಸುತ್ತ ಓಡುತ್ತಿದ್ದಾರೆ. ಬಗ್ಗಿ ನಿಂತವರ ಬೆನ್ನ ಮೇಲೆ ಹಾರುವವರು, ಲಾಗ ಹಾಕುವವರು, ಮರಗಾಲು ಕಟ್ಟಿ ನಡೆಯುವವರು, ಬೇಲಿಯ ಮೇಲೆ ಸಾಲಾಗಿ ಕೂತು ಕುದುರೆ ಓಡಿಸುವವರು. ಬಲಗಡೆ ಮೂಲೆಯಲ್ಲಿ ಒಬ್ಬ ಹುಡುಗಿ ಇಟ್ಟಿಗೆ ಕೆರೆದು ಕೆಂಪು ಪುಡಿ ಮಾಡುತ್ತಿದ್ದಾಳೆ, ಅಂಗಡಿ ಆಟಕ್ಕೆ.

ಮಕ್ಕಳ ಮುಖಗಳು ಮಾತ್ರ ದೊಡ್ಡವರ ಹಾಗೆ ಗಂಭೀರ. ನಗುವವರು ಒಬ್ಬರೂ ಕಾಣಲಿಲ್ಲ. ಇದು ನನಗೆ ವಿಚಿತ್ರ ಅನ್ನಿಸಿತು, ಅಕ್ಕನಿಗೆ ಅನ್ನಿಸಲಿಲ್ಲ. "ಆಡುವಾಗ ಮಕ್ಕಳು ನಗಲ್ಲ ಕಣೇ. ಅವರಿಗೆ ಅದು ಕೆಲಸ. ಪಕ್ಕದಲ್ಲಿ ನಿಂತು ನೋಡೋರು ನಗೋದು" ಎಂದಳು. ಆಡಿಯೋ ಗೈಡ್‌ನಲ್ಲಿ ಕೇಳಿದ್ದಕ್ಕಿಂತ ಆ ಮಾತೇ ನನ್ನ ತಲೆಯಲ್ಲಿ ಉಳಿದಿದೆ. ಅವಳು ಅರವತ್ತಮೂರು ಆಟ ಎಣಿಸಿದಳು. ಇನ್ನೂ ಇವೆ, ಎಂಬತ್ತು ದಾಟುತ್ತವೆ.

'ರೈತರ ಮದುವೆ' ಚಿತ್ರದ ಮುಂದೆ ಅಕ್ಕ ಕೇಳಿದ ಮೊದಲ ಪ್ರಶ್ನೆ, "ಮದುವೆ ಗಂಡು ಎಲ್ಲಿ?" ಕಣಜದಂಥ ಒಂದು ಕೊಟ್ಟಿಗೆಯಲ್ಲಿ ಊಟದ ಸಾಲು. ಹೆಣ್ಣು ಹಸಿರು ಬಟ್ಟೆಯ ಮುಂದೆ ಕೈ ಜೋಡಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದಾಳೆ. ತಲೆಯ ಮೇಲೆ ಕಾಗದದ ಕಿರೀಟ ನೇತಾಡುತ್ತಿದೆ. ಗಂಡು ಯಾರು ಅಂತ ಮಾತ್ರ ಹೇಳಲು ಆಗುವುದಿಲ್ಲ. ವಿದ್ವಾಂಸರೂ ಇದರ ಬಗ್ಗೆ ವಾದ ಮಾಡಿದ್ದಾರೆ. ಬಡಿಸುವವರು ಬಾಗಿಲನ್ನೇ ಕಿತ್ತು ತಟ್ಟೆಯ ಹಾಗೆ ಹೊತ್ತುಕೊಂಡು ಬರುತ್ತಿದ್ದಾರೆ, ಅದರ ತುಂಬಾ ಗಂಜಿಯ ಬಟ್ಟಲು. ವಾದ್ಯ ಊದುವವನು ಊದುವುದನ್ನು ಬಿಟ್ಟು ಆ ಬಟ್ಟಲುಗಳನ್ನೇ ನೋಡುತ್ತಿದ್ದಾನೆ. ಮುಂದೆ ನೆಲದ ಮೇಲೆ ನವಿಲುಗರಿಯ ದೊಡ್ಡ ಟೋಪಿ ಹಾಕಿಕೊಂಡ ಮಗು ಬೆರಳು ನೆಕ್ಕುತ್ತಿದೆ. ಬಾಗಿಲು ಹೊತ್ತವರ ಕಾಲು ಎಣಿಸಿ ನೋಡಿ, ಒಂದು ಪಾದ ಜಾಸ್ತಿ ಇದ್ದ ಹಾಗೆ ಕಾಣುತ್ತದೆ.

ಇನ್ನು 'ಹಿಮದಲ್ಲಿ ಬೇಟೆಗಾರರು'. 1565. ಈ ಚಿತ್ರವನ್ನು ಫೋನಿನಲ್ಲಿ, ಕ್ಯಾಲೆಂಡರಿನಲ್ಲಿ ಎಷ್ಟೋ ಸಲ ನೋಡಿದ್ದೆ. ಎದುರಿಗೆ ನಿಂತಾಗ ಮೊದಲು ತಟ್ಟಿದ್ದು ಬಣ್ಣ. ಹೆಪ್ಪುಗಟ್ಟಿದ ಕೆರೆಯ ಬಣ್ಣ ಮತ್ತು ಆಕಾಶದ ಬಣ್ಣ ಒಂದೇ, ಬೂದು ಬೆರೆತ ಹಸಿರು. ಅಚ್ಚಿನಲ್ಲಿ ಅದು ಯಾವತ್ತೂ ಸರಿಯಾಗಿ ಬರುವುದಿಲ್ಲ. ಮೂವರು ಬೇಟೆಗಾರರು ನಮಗೆ ಬೆನ್ನು ಹಾಕಿ ಇಳಿಜಾರಿನ ಕಡೆ ನಡೆಯುತ್ತಿದ್ದಾರೆ. ನಾಯಿಗಳು ತಲೆ ಬಗ್ಗಿಸಿವೆ. ಅಷ್ಟು ನಾಯಿ, ಮೂರು ಜನ, ಸಿಕ್ಕಿದ್ದು ಒಂದೇ ಒಂದು ಬಡಕಲು ನರಿ, ಕೋಲಿಗೆ ನೇತು ಹಾಕಿದೆ. ಎಡಗಡೆ ಛತ್ರದ ಮುಂದೆ ಬೆಂಕಿ ಹಾಕಿದ್ದಾರೆ, ಜ್ವಾಲೆ ಗಾಳಿಗೆ ಒಂದೇ ಕಡೆ ವಾಲಿದೆ. ಛತ್ರದ ಬೋರ್ಡ್ ಒಂದು ಕೊಕ್ಕೆ ಕಳಚಿ ಓರೆಯಾಗಿ ಜೋತು ಬಿದ್ದಿದೆ. ಕೆಳಗೆ ಕೆರೆಯ ಮೇಲೆ ಜನ ಜಾರುತ್ತಾ ಆಡುತ್ತಿದ್ದಾರೆ. ಬಲಗಡೆ ಗಿರಣಿಯ ಚಕ್ರ ಮಂಜುಗಡ್ಡೆ ಕಟ್ಟಿ ನಿಂತುಹೋಗಿದೆ.

ಇದು ಆಂಟ್‌ವರ್ಪ್‌ನ ಒಬ್ಬ ವ್ಯಾಪಾರಿಗಾಗಿ ಬರೆದ ಋತುಗಳ ಸರಣಿಯ ಚಿತ್ರ. ಸರಣಿಯ ಮೂರು ಇಲ್ಲಿವೆ, ಒಂದು ಪ್ರಾಗ್‌ನಲ್ಲಿದೆ, ಒಂದು ನ್ಯೂಯಾರ್ಕ್‌ನಲ್ಲಿ. ಇಲ್ಲಿರುವ ಇನ್ನೆರಡರಲ್ಲಿ ಒಂದು ಹಟ್ಟಿಗೆ ಮರಳುವ ದನಗಳದ್ದು. ಅದರ ಎದುರಿಗೂ ಒಂದು ಹತ್ತು ನಿಮಿಷ ನಿಲ್ಲಿ.

ಬೇರೆ ಕೋಣೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೆಲಾಸ್ಕೆಸ್ ಬರೆದ ಪುಟ್ಟ ರಾಜಕುಮಾರಿ ಮಾರ್ಗರಿಟಾ. ಸ್ಪೇನಿನ ಹುಡುಗಿ. ವಿಯೆನ್ನಾದ ರಾಜಮನೆತನದ ಲಿಯೋಪೋಲ್ಡ್ ಜೊತೆ ಮದುವೆ ಮಾಡಬೇಕೆಂದು ಹಿರಿಯರು ಆಗಲೇ ಅಂದುಕೊಂಡಿದ್ದರು. ಅವನು ಅವಳ ಸೋದರಮಾವ. ಹುಡುಗಿ ಬೆಳೆದಂತೆಲ್ಲ ಚಿತ್ರ ಬರೆಸಿ ಇಲ್ಲಿಗೆ ಕಳಿಸಿದರು. ಹಾಗಾಗಿ ಮೂರು ಚಿತ್ರ ಇವೆ. ಗುಲಾಬಿ ಲಂಗದಲ್ಲಿ ಎರಡು-ಮೂರು ವರ್ಷದ ಕೂಸು. ಬಿಳಿ ಲಂಗದಲ್ಲಿ ಐದು ವರ್ಷ. 1659ರಲ್ಲಿ ನೀಲಿ ಲಂಗದಲ್ಲಿ ಎಂಟು ವರ್ಷ. ನೀಲಿ ಲಂಗದ ಹತ್ತಿರ ಹೋಗಿ ನೋಡಿ. ಬೆಳ್ಳಿಯ ಪಟ್ಟಿ ಅಂತ ದೂರದಿಂದ ಕಾಣುವುದು ಹತ್ತಿರ ಹೋದರೆ ಬರೀ ಬಿಡಿಬಿಡಿ ಬಣ್ಣದ ಗೀಟು. ಎರಡು ಹೆಜ್ಜೆ ಹಿಂದೆ ಬಂದರೆ ಮತ್ತೆ ರೇಷ್ಮೆ. ನಾನು ಹಿಂದೆ ಮುಂದೆ ಐದಾರು ಸಲ ಹೋಗಿ ಬಂದೆ. ಅವಳಿಗೆ 15 ವರ್ಷಕ್ಕೆ ಮದುವೆಯಾಯಿತು, 21 ವರ್ಷಕ್ಕೆ ತೀರಿಕೊಂಡಳು. ಅಕ್ಕ ಆ ಗುಲಾಬಿ ಲಂಗದ ಮಗುವನ್ನು ನೋಡಿ ಏನೂ ಮಾತಾಡಲಿಲ್ಲ, ಎದ್ದು ಬೇರೆ ಕೋಣೆಗೆ ಹೋದಳು.

ಮಕ್ಕಳು ಜೊತೆಗಿದ್ದರೆ ಆರ್ಚಿಂಬೋಲ್ದೊ ಚಿತ್ರಗಳನ್ನು ಬಿಡಬೇಡಿ. ಹಣ್ಣು ತರಕಾರಿಯಲ್ಲೇ ಮನುಷ್ಯನ ಮುಖ. 'ಬೇಸಿಗೆ' ಎನ್ನುವ ಚಿತ್ರದಲ್ಲಿ ಮೂಗು ಸೌತೆಕಾಯಿ, ಕೆನ್ನೆ ಪೀಚ್ ಹಣ್ಣು, ಹಲ್ಲು ಬಟಾಣಿ. ಗೋಧಿ ಹುಲ್ಲಿನಿಂದ ನೇಯ್ದ ಅಂಗಿಯ ಕಾಲರ್ ಮೇಲೆ ಚಿತ್ರಕಾರನ ಹೆಸರು, ಭುಜದ ಮೇಲೆ 1563 ಅಂತ ಇಸವಿ. ಮಕ್ಕಳಿಗೆ ಹುಡುಕಲು ಹೇಳಿ.

ಕೆಳಗಿನ ಕುನ್ಸ್ಟ್‌ಕಾಮರ್, ಅಂದರೆ ರಾಜರು ಕೂಡಿಸಿಟ್ಟ ಅಪರೂಪದ ವಸ್ತುಗಳ ವಿಭಾಗದಲ್ಲಿ ಚೆಲ್ಲೀನಿ ಮಾಡಿದ ಚಿನ್ನದ ಉಪ್ಪಿನ ಬಟ್ಟಲು ಇದೆ. ಫ್ರಾನ್ಸಿನ ರಾಜನಿಗಾಗಿ 1540ರಿಂದ 1543ರವರೆಗೆ ಮಾಡಿದ್ದು. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, 26 ಸೆಂಟಿಮೀಟರ್. ಸಮುದ್ರದ ದೇವರು ಒಂದು ಕಡೆ, ಭೂಮಿತಾಯಿ ಇನ್ನೊಂದು ಕಡೆ, ಸಮುದ್ರದ ದೇವರ ಪಕ್ಕದ ದೋಣಿಯಂಥದ್ದರಲ್ಲಿ ಉಪ್ಪು. 2003ರಲ್ಲಿ ಒಬ್ಬ ದುರಸ್ತಿಗೆ ಕಟ್ಟಿದ್ದ ಅಟ್ಟಣಿಗೆ ಹತ್ತಿ, ಕಿಟಕಿ ಒಡೆದು ಇದನ್ನು ಕದ್ದೊಯ್ದ. 2006ರಲ್ಲಿ ಕಾಡಿನಲ್ಲಿ ಹೂತಿಟ್ಟ ಪೆಟ್ಟಿಗೆಯಲ್ಲಿ ಸಿಕ್ಕಿತು. ಈಗ ಗಾಜಿನೊಳಗೆ ಶಾಂತವಾಗಿ ಹೊಳೆಯುತ್ತಿದೆ.

ಮ್ಯೂಸಿಯಂನಲ್ಲಿ ನನಗೆ ಹಿಡಿಸದ್ದೂ ಇದೆ. ಗುಮ್ಮಟದ ಕೆಳಗಿನ ಕೆಫೆ ಬಹಳ ಚೆಂದ, ಕಪ್ಪು ಬಿಳುಪು ಅಮೃತಶಿಲೆಯ ನೆಲ, ಮೇಲೆ ಅಷ್ಟೆತ್ತರದ ಗುಮ್ಮಟ. ಆದರೆ ಕೂರಲು ಜಾಗ ಸಿಗಬೇಕಾದರೆ ಕಾಯಬೇಕು, ಬೆಲೆಯೂ ಜಾಸ್ತಿ. ಒಮ್ಮೆ ಕೂತು ಮೆಲಾಂಜ್ ಕುಡಿದೆವು. ಅದು ಹಾಲಿನ ನೊರೆ ಹಾಕಿದ ಕಾಫಿ. ತಟ್ಟೆಯಲ್ಲಿ ಜೊತೆಗೆ ಒಂದು ಲೋಟ ನೀರು ಇಟ್ಟು ಕೊಡುತ್ತಾರೆ, ಅದು ಈ ಊರಿನ ಕಾಫಿಮನೆಗಳ ಪದ್ಧತಿ. ಎರಡನೇ ದಿನದಿಂದ ಹೊರಗೆ ಬೆಂಚಿನ ಮೇಲೆ ಬ್ರೆಡ್ ತಿಂದೆವು. ನೀರು ದುಡ್ಡು ಕೊಟ್ಟು ಕೊಳ್ಳಬೇಡಿ. ವಿಯೆನ್ನಾದ ನಲ್ಲಿಗೆ ಆಲ್ಪ್ಸ್ ಬೆಟ್ಟದ ಚಿಲುಮೆ ನೀರು ಬರುತ್ತದೆ, ಮೊದಲ ಕೊಳವೆ ಹಾಕಿದ್ದು 1873ರಲ್ಲಿ. ಅಕ್ಕ ಎಲ್ಲಿ ನಲ್ಲಿ ಕಂಡರೂ ಬಾಟಲಿ ತುಂಬಿಸಿದಳು. ಚಿತ್ರಗಳ ಪಕ್ಕದ ಚೀಟಿಯ ಅಕ್ಷರ ಇನ್ನೂ ದೊಡ್ಡದಿರಬೇಕಿತ್ತು. ವಯಸ್ಸಾದವರು ಬಗ್ಗಿ ಬಗ್ಗಿ ಓದಬೇಕಾಗುತ್ತದೆ. ಬೆನ್ನಿಗೆ ಹಾಕುವ ಬ್ಯಾಗ್ ಒಳಗೆ ಬಿಡುವುದಿಲ್ಲ, ಅದನ್ನು ಕೊಟ್ಟು ಹೋಗಬೇಕು. ಹಾಗಾಗಿ ಕನ್ನಡಕ, ಮಾತ್ರೆ ಸಣ್ಣ ಚೀಲದಲ್ಲಿ ಬೇರೆ ಇಟ್ಟುಕೊಳ್ಳಿ.

ಎದುರಿನ ನಿಸರ್ಗ ವಿಜ್ಞಾನ ಮ್ಯೂಸಿಯಂಗೆ ಒಂದು ಬೆಳಿಗ್ಗೆ ಕೊಟ್ಟೆವು. ಅಲ್ಲಿ ನೋಡಲೇಬೇಕಾದ್ದು 11 ಸೆಂಟಿಮೀಟರ್ ಎತ್ತರದ ಒಂದು ಕಲ್ಲಿನ ಹೆಂಗಸು, ವಿಲೆನ್‌ಡಾರ್ಫ್‌ನ ವೀನಸ್. 1908ರಲ್ಲಿ ಡ್ಯಾನ್ಯೂಬ್ ನದಿ ದಂಡೆಯಲ್ಲಿ ಸಿಕ್ಕಿದ್ದು, ಸುಮಾರು 29,500 ವರ್ಷ ಹಳೆಯದು. ಅವಳಿಗೊಂದು ಕತ್ತಲೆ ಕೋಣೆ ಮಾಡಿ ಬೆಳಕು ಬಿಟ್ಟಿದ್ದಾರೆ. ಮುಖ ಇಲ್ಲ, ಪಾದ ಇಲ್ಲ, ತಲೆಯ ಸುತ್ತ ಹೆಣೆದ ಹಾಗೆ ಸಾಲು ಸಾಲು. ಆ ಕಲ್ಲು ಉತ್ತರ ಇಟಲಿಯ ಕಡೆಯದು ಅಂತ 2022ರಲ್ಲಿ ಸಂಶೋಧಕರು ಹೇಳಿದರು. ಅಂದರೆ ಆಲ್ಪ್ಸ್‌ನ ಆಚೆಯಿಂದ ಯಾರೋ ಅದನ್ನು ಹೊತ್ತು ತಂದಿದ್ದಾರೆ, ಅಥವಾ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ಬಂದಿದೆ. ಮಂಗಳವಾರ ಈ ಮ್ಯೂಸಿಯಂಗೆ ರಜೆ.

ಬೆಲ್ವೆಡೆರೆ ಅರಮನೆಗೆ ಎಲ್ಲರೂ ಹೋಗುವುದು ಕ್ಲಿಮ್ಟ್‌ನ 'ಮುತ್ತು' (ದಿ ಕಿಸ್) ಚಿತ್ರ ನೋಡಲು. ಆರಡಿ ಆರಡಿ ಚೌಕ, ಚಿನ್ನದ ತಗಡು ಹಚ್ಚಿದ್ದು. ಚಿತ್ರ ಅದ್ಭುತ, ಜನಜಂಗುಳಿ ಅಷ್ಟೇ ಭಯಂಕರ. ಎಲ್ಲರೂ ಫೋನ್ ಎತ್ತಿ ನಿಂತಿರುತ್ತಾರೆ. ಟಿಕೆಟ್ ಮೇಲೆ ಒಳಹೋಗುವ ಸಮಯ ಇರುತ್ತದೆ, ಬೆಳಗಿನ ಮೊದಲ ಸಮಯವನ್ನೇ ಹಿಡಿಯಿರಿ. ನಮಗೆ ಸಮಾಧಾನ ಕೊಟ್ಟದ್ದು ಅದೇ ಕಟ್ಟಡದಲ್ಲಿದ್ದ ಮೆಸ್ಸರ್‌ಶ್ಮಿಟ್‌ನ ತಲೆಗಳು. ಹದಿನೆಂಟನೇ ಶತಮಾನದ ಶಿಲ್ಪಿ. ಕನ್ನಡಿ ಮುಂದೆ ನಿಂತು, ತನ್ನನ್ನೇ ಚಿವುಟಿಕೊಂಡು, ಮುಖ ಸೊಟ್ಟ ಮಾಡಿ ನೋಡಿ, ಅದನ್ನೇ ಲೋಹದಲ್ಲಿ ಮಾಡಿದ. ಅವುಗಳಲ್ಲಿ ಒಬ್ಬ ಕಣ್ಣು ಗಟ್ಟಿಯಾಗಿ ಮುಚ್ಚಿದವನು. ಅಲ್ಲಿ ಜನವೇ ಇರಲಿಲ್ಲ.

ಸಂಗೀತದ ವಿಷಯದಲ್ಲಿ ನಾವು ಮೋಸ ಹೋದೆವು, ನೀವು ಹೋಗಬೇಡಿ. ರಸ್ತೆಯಲ್ಲಿ ಕೆಂಪು ಕೋಟು, ಬಿಳಿ ಟೋಪನ್ ಹಾಕಿಕೊಂಡು ಮೊಜಾರ್ಟ್ ವೇಷದಲ್ಲಿ ಕಛೇರಿಯ ಟಿಕೆಟ್ ಮಾರುವವರು ಸಿಗುತ್ತಾರೆ. ಒಬ್ಬರ ಹತ್ತಿರ ವೇದಿಕೆಗೆ ಹತ್ತಿರದ ಸೀಟು ಅಂತ ಹೇಳಿಸಿಕೊಂಡು ದುಡ್ಡು ಕೊಟ್ಟೆವು. ಸಿಕ್ಕಿದ್ದು ಕಡೇ ಸಾಲು, ಮುಂದೆ ಕಂಬ. ಅಕ್ಕ ಎರಡು ಗಂಟೆ ಕತ್ತು ಓರೆ ಮಾಡಿ ಕೂತಳು. ಟಿಕೆಟ್ ಬೇಕಾದರೆ ಕಛೇರಿ ನಡೆಯುವ ಸಭಾಂಗಣದ ಸ್ವಂತ ಕೌಂಟರ್‌ನಲ್ಲೇ ಕೊಳ್ಳಿ, ಸೀಟಿನ ನಕ್ಷೆ ನೋಡಿ ಕೊಳ್ಳಿ. ಅದಕ್ಕಿಂತ ಒಳ್ಳೆಯ ದಾರಿ ಸ್ಟೇಟ್ ಒಪೆರಾ, ಹಾಡಿನಲ್ಲೇ ನಾಟಕ ಆಡುವ ರಂಗಮಂದಿರ. ಏಪ್ರಿಲ್‌ನಿಂದ ಜೂನ್‌ವರೆಗೆ, ಆಮೇಲೆ ಸೆಪ್ಟೆಂಬರ್‌ನಲ್ಲಿ, ಒಳಗೆ ನಡೆಯುವ ಒಪೆರಾವನ್ನು ಕೆಲವು ದಿನ ಕಟ್ಟಡದ ಪಕ್ಕದ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ನೇರವಾಗಿ ತೋರಿಸುತ್ತಾರೆ. ಕುರ್ಚಿ ಹಾಕಿರುತ್ತಾರೆ, ದುಡ್ಡಿಲ್ಲ. ನಾವು ಒಂದು ಸಂಜೆ ಶಾಲು ಹೊದ್ದು ಕೂತು ಪೂರ್ತಿ ನೋಡಿದೆವು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಡುವೆ ಚೀಲದಿಂದ ಚೆರ್ರಿ ತೆಗೆದು ನಮಗೂ ಕೊಟ್ಟರು. ಮೇ ತಿಂಗಳಲ್ಲೂ ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ.

ರಾಜಖಜಾನೆ ಬೇಗ ನೋಡಿ ಮುಗಿಸಿದೆವು. ಕಿರೀಟಗಳಿಗಿಂತ ನನಗೆ ಇಷ್ಟವಾದದ್ದು ಒಂದೇ ಕಲ್ಲಿನಲ್ಲಿ ಕೊರೆದ, 76 ಸೆಂಟಿಮೀಟರ್ ಅಗಲದ ಅಗೇಟ್ ಬಟ್ಟಲು. ಒಂದು ಕಾಲದಲ್ಲಿ ಅದನ್ನು ಏಸುವಿನ ಪವಿತ್ರ ಪಾತ್ರೆ ಅಂತಲೇ ನಂಬಿದ್ದರು.

ಗುರುವಾರ ಕುನ್ಸ್ಟ್‌ಹಿಸ್ಟೋರಿಷೆಸ್ ರಾತ್ರಿ 9ರವರೆಗೆ ತೆರೆದಿರುತ್ತದೆ. ನಮ್ಮ ಮೂರನೇ ಭೇಟಿ ಆಗ. ಹೋಗುವುದಾದರೆ ಆ ಹೊತ್ತಿಗೇ ಹೋಗಿ. ಏಳು ಗಂಟೆ ಮೇಲೆ ಗುಂಪುಗಳೆಲ್ಲ ಊಟಕ್ಕೆ ಹೊರಟುಹೋಗಿರುತ್ತವೆ. ಬ್ರೂಗೆಲ್ ಕೋಣೆಯಲ್ಲಿ ನಾವಿಬ್ಬರು, ಒಬ್ಬ ಗಾರ್ಡ್, ನೋಟ್‌ಬುಕ್‌ನಲ್ಲಿ ನಾಯಿಗಳನ್ನು ಬರೆದುಕೊಳ್ಳುತ್ತಿದ್ದ ಒಬ್ಬ ಹುಡುಗಿ, ಅಷ್ಟೇ. ಅಕ್ಕ ಬೇಟೆಗಾರರ ಎದುರು ನಿಂತಳು. ಮಂಡಿ ನೋಯುತ್ತಿತ್ತು, ಆದರೂ ಕೂರಲಿಲ್ಲ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಗಾರ್ಡ್ ಬಂದು ಕೈಗಡಿಯಾರ ತೋರಿಸಿದ. ಆಗಲೇ ಅಕ್ಕ ನನ್ನ ಕೈ ಹಿಡಿದು ಎಳೆದಳು.

"ಅಲ್ಲಿ ನೋಡೇ, ಕೆರೆ ಆಚೆ. ಆ ಮನೆ ಚಿಮಣಿಗೆ ಬೆಂಕಿ ಹತ್ತಿದೆ."

ಉಗುರಿನಷ್ಟು ದೊಡ್ಡದೂ ಅಲ್ಲ. ಒಂದು ಚುಕ್ಕೆ ಕೆಂಪು. ಸೂರಿಗೆ ಏಣಿ ಹಾಕಿದ್ದಾರೆ, ನಾಲ್ಕೈದು ಜನ ಓಡಿ ಬರುತ್ತಿದ್ದಾರೆ. ಇತ್ತ ಕೆರೆಯ ಮೇಲೆ ಆಡುವವರು ಆಡುತ್ತಲೇ ಇದ್ದಾರೆ. ಎರಡು ದಿನ ಗಂಟೆಗಟ್ಟಲೆ ಈ ಚಿತ್ರದ ಮುಂದೆ ಕೂತಿದ್ದರೂ ನಮ್ಮಿಬ್ಬರಿಗೂ ಅದು ಕಂಡಿರಲಿಲ್ಲ. ಗಾರ್ಡ್ ಕೂಡ ನಮ್ಮ ಪಕ್ಕ ಬಂದು, ಬಗ್ಗಿ, ಅಕ್ಕನ ಬೆರಳು ತೋರಿಸಿದ ಕಡೆ ನೋಡಿದ.